ಹಿಂಬಾಗಿಲ ಕುತಂತ್ರಾಂಶ ಮತ್ತು ಸೇವಾ ನಿರಾಕರಣೆ ದಾಳಿ

ಹಿಂಬಾಗಿಲ ಕುತಂತ್ರಾಂಶ ಎಂದರೆ ಗಣಕಯಂತ್ರ, ಮೋಡೆಮ್, ಕಣ್ಗಾವಲು ಕ್ಯಾಮೆರಾ ಮುಂತಾದ ಸಾಧನಗಳೊಳಗೆ ಮಾಲೀಕರ ಅರಿವಿಗೆ ಬಾರದಂತೆ ನೆಲೆಸಿ, ಅವುಗಳನ್ನು ದೂರದಿಂದಲೇ ನಿಯಂತ್ರಿಸಲು ಅಪರಿಚಿತರಿಗೆ ಗುಪ್ತ ದಾರಿಯನ್ನು ತೆರೆದುಕೊಡುವ ದುರುದ್ದೇಶಪೂರಿತ ತಂತ್ರಾಂಶವಾಗಿದೆ. ಈ ರೀತಿ ವಶವಾದ ನೂರಾರು ಅಥವಾ ಲಕ್ಷಾಂತರ ಸಾಧನಗಳನ್ನು ಒಟ್ಟುಗೂಡಿಸಿ, ಒಂದೇ ಜಾಲತಾಣ ಅಥವಾ ಸರ್ವರಿನತ್ತ ಏಕಕಾಲಕ್ಕೆ ಕೋರಿಕೆಗಳನ್ನು ಕಳುಹಿಸಿ ಅದನ್ನು ಸ್ಥಗಿತಗೊಳಿಸುವ ಕೃತ್ಯವನ್ನು ವಿತರಿತ ಸೇವಾ ನಿರಾಕರಣೆ ದಾಳಿ ಅಥವಾ ಡಿಡಾಸ್ ದಾಳಿ ಎಂದು ಕರೆಯಲಾಗುತ್ತದೆ. ವಶವಾದ ಸಾಧನವನ್ನು ಬಾಟ್ ಎಂದೂ, ಅಂತಹ ಸಾಧನಗಳ ಸಮೂಹವನ್ನು ಬಾಟ್‌ನೆಟ್ ಎಂದೂ ಹೆಸರಿಸಲಾಗಿದೆ.

ಇತರ ಸೈಬರ್ ಅಪರಾಧಗಳಿಗಿಂತ ಇದು ಒಂದು ವಿಷಯದಲ್ಲಿ ಭಿನ್ನವಾಗಿದೆ. ಇಲ್ಲಿ ದಾಳಿ ನಡೆಸುವ ಯಂತ್ರವೂ ಬಲಿಪಶುವೇ. ಯಂತ್ರದ ಮಾಲೀಕರ ಹಣವಾಗಲಿ ಕಡತಗಳಾಗಲಿ ಕಳುವಾಗದೇ ಇರಬಹುದು; ಆದರೆ ಅವರ ಮನೆಯ ಸಾಧನ ಮತ್ತು ಅವರು ಶುಲ್ಕ ತೆರುವ ಅಂತರಜಾಲ ಸಂಪರ್ಕ ಮೂರನೆಯವರಿಗೆ ಹಾನಿ ಮಾಡುವ ಆಯುಧಗಳಾಗಿ ಮಾರ್ಪಡುತ್ತವೆ. 2017ರ ಜುಲೈ ತಿಂಗಳ ಕೊನೆಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳ ಮೇಲೆ ನಡೆದ ದಾಳಿಯು ಇಂತಹ ಅಸುರಕ್ಷಿತ ಸಾಧನಗಳು ತಂದೊಡ್ಡುವ ಅಪಾಯವನ್ನು ರಾಜ್ಯದಲ್ಲಿ ಸ್ಪಷ್ಟವಾಗಿ ತೋರಿಸಿದ ಪ್ರಕರಣವಾಗಿದೆ.

ಪದದ ಅರ್ಥ

ಮನೆಯ ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ಮರೆತರೆ ಬೀಗದಿಂದ ಪ್ರಯೋಜನವಿಲ್ಲ. ಗಣಕ ವ್ಯವಸ್ಥೆಯಲ್ಲಿಯೂ ಬಳಕೆದಾರರ ಹೆಸರು ಮತ್ತು ಗುಪ್ತಪದದ ಪರಿಶೀಲನೆಯೇ ಮುಂಬಾಗಿಲು. ಈ ಪರಿಶೀಲನೆಯನ್ನು ತಪ್ಪಿಸಿ ಒಳಹೊಗಲು ಇರುವ ಯಾವುದೇ ದಾರಿಯನ್ನು ಹಿಂಬಾಗಿಲು ಎನ್ನುತ್ತಾರೆ.

ಹಿಂಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ತಯಾರಕರೇ ದುರಸ್ತಿ ಅಥವಾ ನಿರ್ವಹಣೆಗೆಂದು ಉಳಿಸಿಕೊಂಡ ದಾರಿ. ಬದಲಿಸಲಾಗದಂತೆ ಸಾಧನದೊಳಗೆ ಬರೆದಿಟ್ಟ ಗುಪ್ತಪದ ಇದಕ್ಕೆ ಉದಾಹರಣೆ. ಎರಡನೆಯದು ದಾಳಿಕೋರರು ಕುತಂತ್ರಾಂಶದ ಮೂಲಕ ತಾವೇ ನಿರ್ಮಿಸಿಕೊಳ್ಳುವ ದಾರಿ. ಎಲ್ಲ ಸಾಧನಗಳಿಗೂ ಒಂದೇ ಆಗಿರುವ, ಮಾಲೀಕರು ಬದಲಿಸದೆ ಬಿಟ್ಟ ಮೂಲ ಗುಪ್ತಪದವು ತಾಂತ್ರಿಕವಾಗಿ ಹಿಂಬಾಗಿಲು ಅಲ್ಲದಿದ್ದರೂ ಪರಿಣಾಮದಲ್ಲಿ ಅದಕ್ಕೆ ಸಮನಾಗಿರುತ್ತದೆ.

ಹಿಂಬಾಗಿಲ ಕುತಂತ್ರಾಂಶವನ್ನು ವೈರಸ್, ವರ್ಮ್ ಮತ್ತು ಟ್ರೋಜನ್‌ಗಳೊಂದಿಗೆ ಒಂದೇ ಎಂದು ಭಾವಿಸುವುದುಂಟು. ವೈರಸ್ ಮತ್ತೊಂದು ಕಡತಕ್ಕೆ ಅಂಟಿಕೊಂಡು ಹರಡುತ್ತದೆ. ವರ್ಮ್ ಯಾರ ನೆರವೂ ಇಲ್ಲದೆ ಜಾಲದ ಮೂಲಕ ತಾನಾಗಿಯೇ ಹರಡುತ್ತದೆ. ಟ್ರೋಜನ್ ಉಪಯುಕ್ತ ತಂತ್ರಾಂಶದ ವೇಷದಲ್ಲಿ ಬಳಕೆದಾರರ ಕೈಯಿಂದಲೇ ಒಳಸೇರುತ್ತದೆ. ಇವು ಮೂರೂ ಒಳಪ್ರವೇಶದ ವಿಧಾನಗಳನ್ನು ಸೂಚಿಸುವ ಹೆಸರುಗಳು. ಹಿಂಬಾಗಿಲು ಎಂಬುದು ಒಳಹೊಕ್ಕ ನಂತರ ನಡೆಯುವ ಕೆಲಸವನ್ನು ಸೂಚಿಸುವ ಹೆಸರು. ಆದ್ದರಿಂದ ಒಂದೇ ತಂತ್ರಾಂಶವು ವರ್ಮ್ ಆಗಿಯೂ ಹಿಂಬಾಗಿಲಾಗಿಯೂ ಇರಬಹುದು.

ಕಾರ್ಯವಿಧಾನ

ಸಾಧನವೊಂದು ದಾಳಿಯ ಆಯುಧವಾಗುವ ಪ್ರಕ್ರಿಯೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಬಹುದು.

ಪ್ರವೇಶ: ಮಿಂಚಂಚೆಗೆ ಲಗತ್ತಿಸಿದ ಕಡತ, ಹಣ ಕೊಡದೆ ಪಡೆದ ನಕಲಿ ತಂತ್ರಾಂಶ, ತಿದ್ದುಪಡಿ ಹಾಕದ ಕಾರ್ಯಾಚರಣಾ ವ್ಯವಸ್ಥೆಯ ದೋಷ ಅಥವಾ ಊಹಿಸಲು ಸುಲಭವಾದ ಗುಪ್ತಪದದ ಮೂಲಕ ಕುತಂತ್ರಾಂಶವು ಒಳಸೇರುತ್ತದೆ. ಮೋಡೆಮ್ ಮತ್ತು ಕ್ಯಾಮೆರಾಗಳ ವಿಷಯದಲ್ಲಿ ಬಳಕೆದಾರರು ಏನನ್ನೂ ಒತ್ತಬೇಕಾಗಿಲ್ಲ. ಈಗಾಗಲೇ ಸೋಂಕಿತವಾದ ಯಂತ್ರಗಳು ಅಂತರಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ, ತೆರೆದಿರುವ ಸಾಧನ ಸಿಕ್ಕಲ್ಲಿ ಪ್ರಚಲಿತ ಗುಪ್ತಪದಗಳನ್ನು ಪ್ರಯೋಗಿಸುತ್ತವೆ. ಐಪಿ ನಾಲ್ಕನೆಯ ಆವೃತ್ತಿಯಲ್ಲಿರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ; ಯಂತ್ರಗಳಿಗೆ ಇದು ದೊಡ್ಡ ಸಂಖ್ಯೆಯಲ್ಲ. ಈ ಹುಡುಕಾಟಕ್ಕೆ ಊರು ತಿಳಿಯುವುದಿಲ್ಲ. ಬೆಂಗಳೂರಿನ ಕಚೇರಿಯ ಮೋಡೆಮ್ ಮತ್ತು ಉಡುಪಿ ಜಿಲ್ಲೆಯ ಬಾರ್ಕೂರಿನ ಮನೆಯೊಂದರ ಮೋಡೆಮ್ ಅದಕ್ಕೆ ಕೇವಲ ಎರಡು ಸಂಖ್ಯೆಗಳು. ಆದ್ದರಿಂದ ಸಣ್ಣ ಊರಿನ ಸಾಮಾನ್ಯ ಬಳಕೆದಾರರನ್ನು ಯಾರೂ ಗುರಿ ಮಾಡುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ನೆಲೆಯೂರುವಿಕೆ: ಗಣಕಯಂತ್ರದಲ್ಲಿ ಕುತಂತ್ರಾಂಶವು ಸಾಮಾನ್ಯ ವ್ಯವಸ್ಥಾ ಕಡತದಂತಹ ಹೆಸರನ್ನು ಧರಿಸಿ, ಯಂತ್ರ ಪ್ರಾರಂಭವಾದಾಗಲೆಲ್ಲ ತಾನೂ ಪ್ರಾರಂಭವಾಗುವಂತೆ ಏರ್ಪಾಡು ಮಾಡಿಕೊಳ್ಳುತ್ತದೆ. ಕೆಲವು ಕುತಂತ್ರಾಂಶಗಳು ತಮಗಿಂತ ಮೊದಲು ನೆಲೆಸಿದ್ದ ಪ್ರತಿಸ್ಪರ್ಧಿ ಕುತಂತ್ರಾಂಶಗಳನ್ನು ಅಳಿಸಿಹಾಕಿ, ತಾವು ಬಂದ ದಾರಿಯನ್ನು ಮುಚ್ಚಿಬಿಡುತ್ತವೆ.

ಆಜ್ಞೆಗಾಗಿ ಕಾಯುವಿಕೆ: ನೆಲೆಯೂರಿದ ಬಾಟ್ ತನ್ನ ಆಜ್ಞಾ ಮತ್ತು ನಿಯಂತ್ರಣ ಸರ್ವರನ್ನು ಸಂಪರ್ಕಿಸಿ ತನ್ನ ಇರವನ್ನು ವರದಿ ಮಾಡುತ್ತದೆ. ಸಂಪರ್ಕವು ಮನೆಯ ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಹೊರಗಿನ ಸಂಪರ್ಕಗಳನ್ನಷ್ಟೇ ತಡೆಯುವ ರಕ್ಷಣಾ ಗೋಡೆಗೆ ಇದು ಕಾಣುವುದಿಲ್ಲ. ಈ ಸ್ಥಿತಿಯಲ್ಲಿ ಬಾಟ್ ದಿನಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು.

ದಾಳಿ: ಗುರಿಯ ವಿಳಾಸ, ವಿಧಾನ ಮತ್ತು ಅವಧಿಯನ್ನು ತಿಳಿಸುವ ಆಜ್ಞೆ ಬಂದೊಡನೆ ಎಲ್ಲ ಬಾಟ್‌ಗಳು ಒಟ್ಟಾಗಿ ಕಾರ್ಯಪ್ರವೃತ್ತವಾಗುತ್ತವೆ. ಒಂದು ಮನೆಯ ಸಂಪರ್ಕದಿಂದ ಸೆಕೆಂಡಿಗೆ ಕೇವಲ 1 ಮೆಗಾಬಿಟ್ ದತ್ತಾಂಶ ಹೊರಹೋದರೆ ಮಾಲೀಕರಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಆದರೆ ಅಂತಹ 10,000 ಮನೆಗಳು ಸೇರಿದರೆ ಗುರಿಯತ್ತ ಸೆಕೆಂಡಿಗೆ 10 ಗಿಗಾಬಿಟ್ ಹರಿಯುತ್ತದೆ. ಸಾಮಾನ್ಯ ಜಾಲತಾಣವೊಂದರ ಸರ್ವರ್ ಇದನ್ನು ತಾಳಲಾರದು.

ದಾಳಿಯ ವಿಧಗಳು

ಗಾತ್ರಾಧಾರಿತ ದಾಳಿಯಲ್ಲಿ ಅರ್ಥವಿಲ್ಲದ ಪ್ಯಾಕೆಟ್‌ಗಳನ್ನು ಅಪಾರ ಪ್ರಮಾಣದಲ್ಲಿ ಕಳುಹಿಸಿ ಗುರಿಯ ಸಂಪರ್ಕ ಮಾರ್ಗವನ್ನೇ ತುಂಬಿಸಲಾಗುತ್ತದೆ.

ಸಂಪರ್ಕ ನಿಯಮಗಳ ದುರುಪಯೋಗವು ಎರಡನೆಯ ವಿಧ. ಎರಡು ಗಣಕಗಳು ಮಾತುಕತೆ ಆರಂಭಿಸುವಾಗ ಒಂದು ‘ಸಿನ್’ ಎಂಬ ಕೋರಿಕೆ ಕಳುಹಿಸುತ್ತದೆ, ಇನ್ನೊಂದು ಒಪ್ಪಿ ಉತ್ತರಿಸುತ್ತದೆ, ಮೊದಲನೆಯದು ಅದನ್ನು ಖಚಿತಪಡಿಸುತ್ತದೆ. ಸಿನ್ ಪ್ರವಾಹ ದಾಳಿಯಲ್ಲಿ ಮೂರನೆಯ ಹೆಜ್ಜೆ ಬರುವುದೇ ಇಲ್ಲ. ಸರ್ವರ್ ಪ್ರತಿ ಕೋರಿಕೆಗೂ ಸ್ಥಳ ಕಾದಿರಿಸಿ ಕಾಯುತ್ತಾ, ನಿಜವಾದ ಬಳಕೆದಾರರಿಗೆ ಸ್ಥಳವಿಲ್ಲದಂತಾಗುತ್ತದೆ.

ಅನ್ವಯಿಕ ಮಟ್ಟದ ದಾಳಿಯಲ್ಲಿ ಬಾಟ್‌ಗಳು ಸಾಮಾನ್ಯ ಓದುಗರಂತೆಯೇ ಪುಟಗಳನ್ನು ಕೋರುತ್ತವೆ. ಹೆಚ್ಚು ಲೆಕ್ಕಾಚಾರ ಬೇಡುವ ಹುಡುಕಾಟದಂತಹ ಪುಟಗಳನ್ನು ಪದೇಪದೇ ಕೇಳಿ ಸರ್ವರನ್ನು ದಣಿಸಲಾಗುತ್ತದೆ. ನಿಜವಾದ ಕೋರಿಕೆಯನ್ನೂ ಸುಳ್ಳು ಕೋರಿಕೆಯನ್ನೂ ಬೇರ್ಪಡಿಸುವುದು ಇಲ್ಲಿ ಅತಿ ಕಷ್ಟ.

ವರ್ಧನ ದಾಳಿಯಲ್ಲಿ ಬಾಟ್ ತನ್ನ ವಿಳಾಸದ ಬದಲು ಗುರಿಯ ವಿಳಾಸವನ್ನು ನಮೂದಿಸಿ ಬೇರೊಂದು ಸಾರ್ವಜನಿಕ ಸರ್ವರಿಗೆ ಚಿಕ್ಕ ಪ್ರಶ್ನೆ ಕಳುಹಿಸುತ್ತದೆ. ಆ ಸರ್ವರಿನ ದೊಡ್ಡ ಉತ್ತರವು ಗುರಿಯ ಮೇಲೆ ಹೋಗಿ ಬೀಳುತ್ತದೆ. 2018ರ ಫೆಬ್ರವರಿ 28ರಂದು ಗಿಟ್‌ಹಬ್ ತಾಣದ ಮೇಲೆ ಮೆಮ್‌ಕ್ಯಾಶ್ಡ್ ಎಂಬ ಸರ್ವರ್‌ಗಳ ಮೂಲಕ ನಡೆದ ಇಂತಹ ದಾಳಿಯು ಸೆಕೆಂಡಿಗೆ 1.35 ಟೆರಾಬಿಟ್ ಪ್ರಮಾಣವನ್ನು ಮುಟ್ಟಿತ್ತು. ವರ್ಧನ ದಾಳಿಗೆ ದೊಡ್ಡ ಬಾಟ್‌ನೆಟ್ ಅನಿವಾರ್ಯವಲ್ಲ.

ಇತಿಹಾಸ

ಆರಂಭಿಕ ಸೇವಾ ನಿರಾಕರಣೆ ದಾಳಿಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರಜಾಲ ಸೇವಾ ಸಂಸ್ಥೆಯ ಮೇಲೆ ನಡೆದ ಸಿನ್ ಪ್ರವಾಹ ದಾಳಿ. 1998ರಲ್ಲಿ ವಿಂಡೋಸ್ ಗಣಕಗಳನ್ನು ದೂರದಿಂದ ನಿಯಂತ್ರಿಸಬಲ್ಲ ಬ್ಯಾಕ್ ಒರಿಫಿಸ್ ಮತ್ತು ನೆಟ್‌ಬಸ್ ಎಂಬ ತಂತ್ರಾಂಶಗಳು ಹೊರಬಂದು, ಹಿಂಬಾಗಿಲು ಎಂಬ ಪರಿಕಲ್ಪನೆಯನ್ನು ಜನಸಾಮಾನ್ಯರ ಗಣಕಗಳವರೆಗೆ ತಂದವು.

ಈ ಎರಡು ಧಾರೆಗಳು 1999ರಲ್ಲಿ ಒಂದಾದವು. ಆ ವರ್ಷದ ಆಗಸ್ಟ್‌ನಲ್ಲಿ ಟ್ರಿನೂ ಎಂಬ ಸಾಧನವನ್ನು ಅಳವಡಿಸಿದ್ದ ಇನ್ನೂರಕ್ಕೂ ಹೆಚ್ಚು ಗಣಕಗಳು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗಣಕವೊಂದನ್ನು ಎರಡು ದಿನಗಳಿಗೂ ಹೆಚ್ಚು ಕಾಲ ಬಳಕೆಗೆ ಸಿಗದಂತೆ ಮಾಡಿದವು. 2000ದ ಫೆಬ್ರವರಿಯಲ್ಲಿ ಯಾಹೂ, ಇಬೇ, ಅಮೆಜಾನ್ ಮತ್ತು ಸಿಎನ್‌ಎನ್ ತಾಣಗಳು ಇದೇ ಮಾದರಿಯ ದಾಳಿಗಳಿಂದ ಸ್ಥಗಿತಗೊಂಡವು. ಇದರ ಹಿಂದೆ ಇದ್ದವನು ‘ಮಾಫಿಯಾಬಾಯ್’ ಎಂಬ ಅಡ್ಡಹೆಸರಿನ, 15 ವರ್ಷದ ಕೆನಡಾದ ಬಾಲಕ ಎಂದು ಪತ್ತೆಯಾಯಿತು.

2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ವರ್ಮ್, ಸೋಂಕಿತ ಗಣಕಗಳಿಂದ ಮೈಕ್ರೋಸಾಫ್ಟ್‌ನ ವಿಂಡೋಸ್ ಅಪ್‌ಡೇಟ್ ವಿಳಾಸದ ಮೇಲೆ ದಾಳಿ ನಡೆಯುವಂತೆ ರೂಪುಗೊಂಡಿತ್ತು. 2004ರ ಜನವರಿಯಲ್ಲಿ ಮಿಂಚಂಚೆಯ ಮೂಲಕ ಹಬ್ಬಿದ ಮೈಡೂಮ್ ಈ ವರ್ಗದ ಮಾದರಿ ಉದಾಹರಣೆಯಾಗಿದೆ. ಅದು ಗಣಕದಲ್ಲಿ 3127ನೇ ಪೋರ್ಟಿನ ಮೂಲಕ ಹಿಂಬಾಗಿಲನ್ನು ತೆರೆದಿಡುವುದರ ಜೊತೆಗೆ ಫೆಬ್ರವರಿ 1ರಿಂದ ಎಸ್‌ಸಿಒ ಸಮೂಹದ ಜಾಲತಾಣದ ಮೇಲೆ ದಾಳಿಯನ್ನೂ ನಡೆಸಿತು. 2007ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಎಸ್ಟೋನಿಯಾ ದೇಶದ ಸರ್ಕಾರಿ, ಬ್ಯಾಂಕ್ ಹಾಗೂ ಪತ್ರಿಕಾ ತಾಣಗಳು ದಾಳಿಗೊಳಗಾದಾಗ ಇದು ರಾಷ್ಟ್ರೀಯ ಭದ್ರತೆಯ ವಿಷಯವಾಯಿತು. ಲಿನಕ್ಸ್ ಸರ್ವರ್‌ಗಳೂ ಹೊರತಲ್ಲ. 2014ರಲ್ಲಿ ಪತ್ತೆಯಾದ ಎಕ್ಸ್‌ಒಆರ್ ಡಿಡಾಸ್ ಎಂಬ ಟ್ರೋಜನ್ ದುರ್ಬಲ ಗುಪ್ತಪದಗಳನ್ನು ಊಹಿಸಿ ಅವುಗಳೊಳಗೆ ನುಗ್ಗುತ್ತಿತ್ತು.

ಮಿರಾಯ್

2016ರಲ್ಲಿ ಕಾಣಿಸಿಕೊಂಡ ಮಿರಾಯ್, ದಾಳಿಯ ಆಯುಧವನ್ನು ಗಣಕಯಂತ್ರದಿಂದ ಮನೆಯ ಸಣ್ಣ ಸಾಧನಗಳಿಗೆ ವರ್ಗಾಯಿಸಿತು. ಇದರ ತಂತ್ರ ಸರಳವಾದುದು. ಟೆಲ್ನೆಟ್ ಎಂಬ ಹಳೆಯ ಸಂಪರ್ಕ ವಿಧಾನ ತೆರೆದಿರುವ ಕ್ಯಾಮೆರಾ, ರೂಟರ್ ಮತ್ತು ವಿಡಿಯೊ ಮುದ್ರಕಗಳನ್ನು ಹುಡುಕಿ, ಕಾರ್ಖಾನೆಯಲ್ಲೇ ನಿಗದಿಯಾದ ಅರುವತ್ತರಷ್ಟು ಹೆಸರು ಮತ್ತು ಗುಪ್ತಪದಗಳ ಜೋಡಿಗಳನ್ನು ಪ್ರಯೋಗಿಸುವುದು. ಇಷ್ಟರಿಂದಲೇ ಅದರ ಉಚ್ಛ್ರಾಯ ಕಾಲದಲ್ಲಿ ಸುಮಾರು 6 ಲಕ್ಷ ಸಾಧನಗಳು ವಶವಾಗಿದ್ದವು.

2016ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ತಾಣದ ಮೇಲೆ ಸೆಕೆಂಡಿಗೆ 620 ಗಿಗಾಬಿಟ್‌ಗಳ ದಾಳಿ ನಡೆಯಿತು. ಅಕ್ಟೋಬರ್ 21ರಂದು ಡಿಎನ್‌ಎಸ್ ಸೇವೆ ನೀಡುವ ಡೈನ್ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಮುಂತಾದ ತಾಣಗಳು ಹಲವು ಗಂಟೆ ಅನೇಕರಿಗೆ ದೊರೆಯಲಿಲ್ಲ. ಮಿರಾಯ್‌ನ ಮೂಲ ಸಂಕೇತವನ್ನು ಸೆಪ್ಟೆಂಬರ್ ಕೊನೆಯಲ್ಲಿಯೇ ಬಹಿರಂಗಪಡಿಸಲಾಗಿದ್ದರಿಂದ ಅನೇಕ ರೂಪಾಂತರಗಳು ಹುಟ್ಟಿಕೊಂಡವು. ಅದೇ ನವೆಂಬರ್‌ನಲ್ಲಿ ಒಂದು ರೂಪಾಂತರದ ದಾಳಿಯಿಂದ ಜರ್ಮನಿಯ ಡಾಯ್ಚ ಟೆಲಿಕಾಮ್ ಸಂಸ್ಥೆಯ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೆಲಸ ನಿಲ್ಲಿಸಿದವು. ಮಿರಾಯ್ ರಚಿಸಿದ ಮೂವರು ಅಮೆರಿಕದ ಯುವಕರು 2017ರ ಡಿಸೆಂಬರ್‌ನಲ್ಲಿ ಪ್ರಕಟವಾದಂತೆ ತಪ್ಪೊಪ್ಪಿಕೊಂಡರು.

ಮಿರಾಯ್ ಸಾಧನದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿತ್ತು. ಆದ್ದರಿಂದ ಸಾಧನವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಅಳಿಯುತ್ತಿತ್ತು. ಗುಪ್ತಪದವನ್ನು ಬದಲಿಸದಿದ್ದರೆ ಮಾತ್ರ ಕೆಲವೇ ನಿಮಿಷಗಳಲ್ಲಿ ಮತ್ತೆ ಸೋಂಕು ತಗಲುವ ಸಾಧ್ಯತೆ ಇರುತ್ತಿತ್ತು.

ಕರ್ನಾಟಕದ ಬಿಎಸ್‌ಎನ್‌ಎಲ್ ಮೋಡೆಮ್ ಪ್ರಕರಣ

ಮಿರಾಯ್ ಹರಡಿದ ನಂತರ, ಅದೇ ದುರ್ಬಲ ಸಾಧನಗಳನ್ನು ಹುಡುಕಿ ಕೆಡಿಸುವ ಮತ್ತೊಂದು ಕುತಂತ್ರಾಂಶ ಹುಟ್ಟಿಕೊಂಡಿತು. 2017ರ ಏಪ್ರಿಲ್‌ನಲ್ಲಿ ರಾಡ್‌ವೇರ್ ಸಂಸ್ಥೆಯು ಗುರುತಿಸಿದ ಇದಕ್ಕೆ ಬ್ರಿಕರ್‌ಬಾಟ್ ಎಂದು ಹೆಸರು. ಇದು ಸಾಧನವನ್ನು ಬಾಟ್ ಆಗಿ ಬಳಸುವುದಿಲ್ಲ. ಅದರ ಸ್ಮೃತಿಯಲ್ಲಿನ ಮಾಹಿತಿಯನ್ನು ಅಳಿಸಿ, ಜಾಲದ ವ್ಯವಸ್ಥೆಯನ್ನು ಕೆಡಿಸಿ, ಸಾಧನವನ್ನು ನಿರುಪಯುಕ್ತಗೊಳಿಸುತ್ತದೆ. ಈ ಬಗೆಯನ್ನು ಶಾಶ್ವತ ಸೇವಾ ನಿರಾಕರಣೆ ದಾಳಿ ಎಂದು ಕರೆಯಲಾಗಿದೆ.

2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಗ್ರಾಹಕರ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶ ದಾಳಿಗೆ ಸಿಲುಕಿ ಸಂಪರ್ಕ ಕಳೆದುಕೊಂಡವು. ‘ಅಡ್ಮಿನ್’ ಎಂಬ ಮೂಲ ಗುಪ್ತಪದವನ್ನು ಬದಲಿಸದೆ ಬಳಸುತ್ತಿದ್ದ ಮೋಡೆಮ್‌ಗಳು ಇದಕ್ಕೆ ತುತ್ತಾದವು. ಮೂಲ ಗುಪ್ತಪದಗಳನ್ನು ಕೂಡಲೇ ಬದಲಿಸುವಂತೆ ಬಿಎಸ್‌ಎನ್‌ಎಲ್ ತನ್ನ ಗ್ರಾಹಕರಿಗೆ ಸೂಚನೆ ನೀಡಿತು. ಬ್ರಿಕರ್‌ಬಾಟ್‌ನ ಕರ್ತೃ ತಾನೆಂದು ಹೇಳಿಕೊಂಡ, ‘ಜಾನಿಟರ್’ ಎಂಬ ಗುಪ್ತನಾಮದ ವ್ಯಕ್ತಿಯು ಅನಂತರ ಭಾರತದ ಮೋಡೆಮ್‌ಗಳ ಮೇಲಿನ ಈ ದಾಳಿಯ ಹೊಣೆಯನ್ನು ಹೊತ್ತುಕೊಂಡನು.

ಅಸುರಕ್ಷಿತ ಸಾಧನಗಳು ಮಿರಾಯ್‌ನಂತಹ ಬಾಟ್‌ನೆಟ್‌ಗಳ ಪಾಲಾಗುವ ಮೊದಲೇ ಅವನ್ನು ಅಂತರಜಾಲದಿಂದ ತೆಗೆದುಹಾಕುವುದು ತನ್ನ ಉದ್ದೇಶವೆಂದು ಆ ವ್ಯಕ್ತಿ ಸಮರ್ಥಿಸಿಕೊಂಡಿದ್ದನು. ಈ ವಾದಕ್ಕೆ ಎರಡು ಮುಖಗಳಿವೆ. ಹಾಳಾದ ಮೋಡೆಮ್ ಇನ್ನೊಬ್ಬರ ಮೇಲೆ ದಾಳಿ ಮಾಡಲಾರದು ಎಂಬುದು ನಿಜ. ಆದರೆ ಅದರ ಬೆಲೆಯನ್ನು ತೆತ್ತವರು ತಪ್ಪು ಏನೆಂದೇ ಅರಿಯದ ಗ್ರಾಹಕರು. ಗುಪ್ತಪದ ಬದಲಿಸಬೇಕೆಂದು ಮೋಡೆಮ್ ಅಳವಡಿಸುವಾಗ ತಿಳಿಸದಿದ್ದರೆ, ಅದು ಅಗತ್ಯವೆಂದು ಸಾಮಾನ್ಯ ಬಳಕೆದಾರರು ಊಹಿಸುವುದು ಸಾಧ್ಯವಿಲ್ಲ. ಮಾಲೀಕರ ಅನುಮತಿಯಿಲ್ಲದೆ ಸಾಧನವನ್ನು ಕೆಡಿಸುವುದು, ಉದ್ದೇಶವೇನೇ ಇದ್ದರೂ, ಭಾರತದ ಕಾನೂನಿನಲ್ಲಿ ಪರಿಹಾರ ತೆರಬೇಕಾದ ಕೃತ್ಯವಾಗಿದೆ. ಮಿರಾಯ್ ಮತ್ತು ಬ್ರಿಕರ್‌ಬಾಟ್‌ಗಳ ಗುರಿಗಳು ವಿರುದ್ಧವಾಗಿದ್ದರೂ ಎರಡೂ ಒಳಬಂದದ್ದು ತೆರೆದುಬಿಟ್ಟ ಒಂದೇ ಬಗೆಯ ಬಾಗಿಲಿನಿಂದ.

ಕಾನೂನು ಮತ್ತು ಸಂಸ್ಥೆಗಳು

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಈ ಕೃತ್ಯಗಳಿಗೆ ಅನ್ವಯಿಸುತ್ತದೆ. ಮಾಲೀಕರ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು, ಅದರೊಳಗೆ ವೈರಸ್ ಅಥವಾ ಇತರ ಮಾಲಿನ್ಯಕಾರಕವನ್ನು ಸೇರಿಸುವುದು, ಅದಕ್ಕೆ ಹಾನಿ ಮಾಡುವುದು ಹಾಗೂ ಅಧಿಕೃತ ಬಳಕೆದಾರರಿಗೆ ಪ್ರವೇಶ ನಿರಾಕರಿಸುವುದು 43ನೇ ವಿಧಿಯ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ವಿಧಿಯಂತೆ 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದೇಶದ ಭದ್ರತೆಗೆ ಧಕ್ಕೆ ತರುವ ಉದ್ದೇಶದ ಗಂಭೀರ ದಾಳಿಗಳಿಗೆ 66ಎಫ್ ವಿಧಿಯು ಜೀವಾವಧಿಯವರೆಗಿನ ಶಿಕ್ಷೆಯನ್ನು ಹೇಳುತ್ತದೆ.

ಸೈಬರ್ ಘಟನೆಗಳ ಕುರಿತ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2004ರಿಂದ ಕಾರ್ಯನಿರ್ವಹಿಸುತ್ತಿದೆ. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾ ಪೂರೈಕೆದಾರರು ಮತ್ತು ಸಂಸ್ಥೆಗಳು ಡಿಡಾಸ್ ದಾಳಿ ಸೇರಿದಂತೆ ನಿಗದಿತ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರವು 2017ರ ಫೆಬ್ರವರಿ 21ರಂದು ಆರಂಭವಾಯಿತು. ಬಾಟ್‌ನೆಟ್ ಸೋಂಕನ್ನು ಪತ್ತೆಹಚ್ಚಿ, ಅಂತರಜಾಲ ಸೇವಾ ಸಂಸ್ಥೆಗಳ ಮೂಲಕ ಬಳಕೆದಾರರಿಗೆ ತಿಳಿಸುವುದು ಮತ್ತು ಸೋಂಕು ನಿವಾರಿಸುವ ಉಚಿತ ತಂತ್ರಾಂಶಗಳನ್ನು ಒದಗಿಸುವುದು ಇದರ ಕೆಲಸ.

ಕರ್ನಾಟಕ ಸರ್ಕಾರವು ಸೈಸೆಕ್ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವನ್ನು ಸ್ಥಾಪಿಸಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದರ ಪ್ರಧಾನ ಸಂಸ್ಥೆಯಾಗಿದೆ. ಉಡುಪಿ ಸೇರಿದಂತೆ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳಿಗಾಗಿ ಪೊಲೀಸ್ ಠಾಣೆಗಳಿವೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ಸಲ್ಲಿಸಬಹುದು.

ತಯಾರಕರ ಮೇಲೆ ಹೊಣೆ ಹೊರಿಸುವ ಕಾನೂನುಗಳೂ ಬಂದಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2020ರ ಜನವರಿ 1ರಿಂದ ಪ್ರತಿ ಸಾಧನಕ್ಕೂ ಪ್ರತ್ಯೇಕ ಗುಪ್ತಪದ ಇರಬೇಕು ಅಥವಾ ಮೊದಲ ಬಳಕೆಯಲ್ಲಿಯೇ ಅದನ್ನು ಬದಲಿಸುವಂತಿರಬೇಕು ಎಂಬ ನಿಯಮವನ್ನು ಜಾರಿಗೆ ತಂದಿತು. ಬ್ರಿಟನ್ನಿನಲ್ಲಿ ಇಂತಹ ಕಾನೂನು 2024ರ ಏಪ್ರಿಲ್ 29ರಂದು ಜಾರಿಯಾಯಿತು.

ಸೋಂಕಿನ ಲಕ್ಷಣಗಳು

ಬಾಟ್ ಆದ ಸಾಧನವನ್ನು ನೋಡಿ ಗುರುತಿಸುವುದು ಸುಲಭವಲ್ಲ. ಆದಾಗ್ಯೂ ಕೆಲವು ಲಕ್ಷಣಗಳು ಸಂಶಯಕ್ಕೆ ಕಾರಣವಾಗುತ್ತವೆ:

• ಯಾರೂ ಬಳಸದ ಸಮಯದಲ್ಲಿಯೂ ಮೋಡೆಮ್‌ನ ದತ್ತಾಂಶ ದೀಪ ಎಡೆಬಿಡದೆ ಮಿನುಗುವುದು.
• ಮಾಸಿಕ ದತ್ತಾಂಶ ಬಳಕೆಯಲ್ಲಿ, ಅದರಲ್ಲೂ ಹೊರಹೋಗುವ ದತ್ತಾಂಶದಲ್ಲಿ, ಕಾರಣವಿಲ್ಲದ ಏರಿಕೆ.
• ಅಂತರಜಾಲದ ವೇಗ ಆಗಾಗ ಕುಸಿಯುವುದು ಅಥವಾ ಗಣಕದ ಫ್ಯಾನ್ ಕೆಲಸವಿಲ್ಲದಾಗಲೂ ಜೋರಾಗಿ ತಿರುಗುವುದು.
• ವೈರಸ್ ನಿರೋಧಕ ತಂತ್ರಾಂಶ ತಾನಾಗಿ ನಿಷ್ಕ್ರಿಯಗೊಳ್ಳುವುದು.
• ಸೋಂಕಿನ ಬಗ್ಗೆ ಅಂತರಜಾಲ ಸೇವಾ ಸಂಸ್ಥೆಯಿಂದ ಸೂಚನೆ ಬರುವುದು.

ಇವುಗಳಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಒಂದೇ ಲಕ್ಷಣದಿಂದ ನಿರ್ಧಾರಕ್ಕೆ ಬರಲಾಗದು. ಯಾವ ಲಕ್ಷಣವೂ ಕಾಣದಿರುವುದು ಸಾಧನ ಸುರಕ್ಷಿತವಾಗಿದೆ ಎಂಬುದಕ್ಕೆ ಪುರಾವೆಯೂ ಅಲ್ಲ.

ನಿವಾರಣೆ ಮತ್ತು ಮುಂಜಾಗ್ರತೆ

ಸೋಂಕಿನ ಸಂಶಯವಿರುವ ಮೋಡೆಮ್ ಅಥವಾ ಕ್ಯಾಮೆರಾವನ್ನು ಮೊದಲು ಅಂತರಜಾಲದಿಂದ ಬೇರ್ಪಡಿಸಬೇಕು. ನಂತರ ಅದನ್ನು ಮೂಲ ಸ್ಥಿತಿಗೆ ಮರಳಿಸಿ, ಮನೆಯ ಒಳಜಾಲದಿಂದಲೇ ಹೊಸ ಗುಪ್ತಪದವನ್ನು ನಮೂದಿಸಿ, ಆಮೇಲೆ ಸಂಪರ್ಕ ಕೊಡಬೇಕು. ಈ ಕ್ರಮ ಮುಖ್ಯವಾದುದು. ಮೊದಲು ಸಂಪರ್ಕ ಕೊಟ್ಟು ಅನಂತರ ಗುಪ್ತಪದ ಬದಲಿಸಲು ಹೊರಟರೆ ಆ ಅಂತರದಲ್ಲಿಯೇ ಸೋಂಕು ಮರಳಬಹುದು. ಮೂಲ ಸ್ಥಿತಿಗೆ ಮರಳಿಸಿದಾಗ ಬ್ರಾಡ್‌ಬ್ಯಾಂಡ್ ಸಂಪರ್ಕದ ವಿವರಗಳು ಅಳಿಯುವುದರಿಂದ ಅವನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕು. ವೈಫೈ ಗುಪ್ತಪದ ಮತ್ತು ಮೋಡೆಮ್‌ನ ನಿರ್ವಹಣಾ ಗುಪ್ತಪದ ಬೇರೆಬೇರೆ ಎಂಬುದನ್ನು ಗಮನಿಸಬೇಕು. ಅನೇಕರು ಮೊದಲನೆಯದನ್ನು ಮಾತ್ರ ಬದಲಿಸಿ ಎರಡನೆಯದನ್ನು ಹಾಗೆಯೇ ಬಿಡುತ್ತಾರೆ.

ದೂರದಿಂದ ನಿರ್ವಹಿಸುವ ಸೌಲಭ್ಯ ಮತ್ತು ಟೆಲ್ನೆಟ್ ಅಗತ್ಯವಿಲ್ಲದಿದ್ದರೆ ಮುಚ್ಚುವುದು, ತಯಾರಕರ ತಿದ್ದುಪಡಿಗಳನ್ನು ಅಳವಡಿಸುವುದು, ತಿದ್ದುಪಡಿ ನಿಂತುಹೋದ ಹಳೆಯ ಸಾಧನಗಳನ್ನು ಬದಲಿಸುವುದು ಇತರ ಕ್ರಮಗಳು. ಗಣಕಯಂತ್ರಗಳಲ್ಲಿ ನಕಲಿ ತಂತ್ರಾಂಶವನ್ನು ಬಳಸಬಾರದು. ಪರಿಚಿತರ ಹೆಸರಿನಲ್ಲಿಯೇ ಬಂದಿದ್ದರೂ ಅನಿರೀಕ್ಷಿತ ಲಗತ್ತುಗಳನ್ನು ವಿಚಾರಿಸದೆ ತೆರೆಯಬಾರದು.

ದಾಳಿಗೊಳಗಾದ ಸರ್ವರಿನ ಕಡೆಯಿಂದ ಕೋರಿಕೆಗಳ ಸಂಖ್ಯೆಗೆ ಮಿತಿ ಹಾಕುವುದು, ಕೋರಿಕೆಗಳನ್ನು ಶೋಧಿಸುವ ದೊಡ್ಡ ಕೇಂದ್ರಗಳ ಮೂಲಕ ಸಂಚಾರವನ್ನು ತಿರುಗಿಸುವುದು ರೂಢಿಯಲ್ಲಿರುವ ಉಪಾಯಗಳು. ಸುಳ್ಳು ಮೂಲ ವಿಳಾಸವಿರುವ ಪ್ಯಾಕೆಟ್‌ಗಳನ್ನು ಅಂತರಜಾಲ ಸೇವಾ ಸಂಸ್ಥೆಗಳು ತಮ್ಮ ಗಡಿಯಲ್ಲಿಯೇ ತಡೆದರೆ ವರ್ಧನ ದಾಳಿಗಳು ಬಹುಮಟ್ಟಿಗೆ ನಿಲ್ಲುತ್ತವೆ. ಆದರೆ ಈ ಉಪಾಯಗಳು ಹರಿದುಬಂದ ಪ್ರವಾಹವನ್ನು ಎದುರಿಸುವಂಥವು. ಪ್ರವಾಹದ ಮೂಲವಿರುವುದು ಮನೆಗಳಲ್ಲಿ ಮತ್ತು ಸಣ್ಣ ಕಚೇರಿಗಳಲ್ಲಿ, ಗುಪ್ತಪದ ಬದಲಾಗದೆ ಉಳಿದ ಸಾಧನಗಳಲ್ಲಿ. ಅಲ್ಲಿ ಒಂದೊಂದು ಬಾಗಿಲು ಮುಚ್ಚಿದಾಗಲೂ ಬಾಟ್‌ನೆಟ್ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ.